ಡಿಜಿಟಲ್ ನಿವಾಸ: ಪೌರತ್ವದ ಕಟ್ಟುಪಾಡು ಮತ್ತು ಮಲೆನಾಡಿನ ಮೂರು ತಾಲ್ಲೂಕುಗಳು

ಡಿಜಿಟಲ್ ನಿವಾಸ ಎಂಬುದು ಸರ್ಕಾರವೊಂದು ವ್ಯಕ್ತಿಯ ಗುರುತನ್ನು ಪರಿಶೀಲಿಸಿ ಸಂಖ್ಯೆ ಅಥವಾ ಕಾರ್ಡಿನ ರೂಪದಲ್ಲಿ ಕೊಡುವ, ಅಂತರಜಾಲದ ಮೂಲಕ ಬಳಸಬಹುದಾದ ಅಧಿಕೃತ ಗುರುತು. ಅದು ಪೌರತ್ವವಲ್ಲ, ಪೌರತ್ವವೆಂದರೆ ವ್ಯಕ್ತಿಗೂ ರಾಷ್ಟ್ರಕ್ಕೂ ನಡುವೆ ಇರುವ, ಮತದಾನ, ಪಾಸ್‌ಪೋರ್ಟ್, ಸಾರ್ವಜನಿಕ ಹುದ್ದೆಗಳಿಗೆ ದಾರಿ ಮಾಡಿಕೊಡುವ ಕಾನೂನಿನ ಸಂಬಂಧ. ಡಿಜಿಟಲ್ ನಿವಾಸದ ಯೋಜನೆಗಳಲ್ಲಿ ಎರಡು ಬಗೆಗಳಿವೆ. ದೇಶದೊಳಗೆ ಕಾಲಿಡದವರಿಗೂ ವ್ಯಾಪಾರ ನಡೆಸುವ ಅನುಕೂಲವನ್ನು ದೂರದಿಂದಲೇ ಕೊಡುವುದು ಒಂದು, ಅದಕ್ಕೆ ಎಸ್ಟೋನಿಯಾ ಮಾದರಿ. ದೇಶದೊಳಗೆ ವಾಸಿಸುವವರೆಲ್ಲರಿಗೂ, ಅವರು ಯಾವ ದೇಶದ ಪ್ರಜೆಗಳೆಂದು ಮೊದಲು ಕೇಳದೆ, ಒಂದೊಂದು ಸಂಖ್ಯೆಯನ್ನು ಕೊಡುವುದು ಇನ್ನೊಂದು, ಅದಕ್ಕೆ ಭಾರತದ ಆಧಾರ್ ಮಾದರಿ. ಎರಡೂ ನಿವಾಸವನ್ನು ಪೌರತ್ವದಿಂದ ಬಿಡಿಸಲು ಹೊರಟವು; ಎರಡರಲ್ಲಿಯೂ ಪೌರತ್ವವು ಅರ್ಹತೆಯ ಷರತ್ತಾಗಿ ಬೇರೆ ಬಾಗಿಲಿನಿಂದ ಮರಳಿ ಬಂದಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಈ ವಿಷಯವನ್ನು ಹತ್ತಿರದಿಂದ ನೋಡಲು ತಕ್ಕ ನೆಲ. ಅಡಿಕೆ ತೋಟವನ್ನು ನಂಬಿದ ಇಲ್ಲಿನ ಮನೆಗಳಿಂದ ಎರಡು ತಲೆಮಾರುಗಳ ಅವಧಿಯಲ್ಲಿ ಮಕ್ಕಳು ಬೆಂಗಳೂರಿಗೂ ಅಲ್ಲಿಂದ ಹೊರದೇಶಗಳಿಗೂ ಹೋಗಿದ್ದಾರೆ. ಇದೇ ನೆಲದಲ್ಲಿ, ಎಲ್ಲಿಗೂ ಹೋಗದೆ ಉಳಿದಿದ್ದರೂ ಕಾಲಡಿಯ ಭೂಮಿಯ ಮೇಲೆ ದಾಖಲೆಯಿಲ್ಲದ ಕುಟುಂಬಗಳೂ ಇವೆ.

ಹೊರಗಿನವರಿಗೆ ತೆರೆದ ಬಾಗಿಲು

ಎಸ್ಟೋನಿಯಾ 2014ರ ಡಿಸೆಂಬರ್ 1ರಂದು ಇ-ರೆಸಿಡೆನ್ಸಿ ಯೋಜನೆಯನ್ನು ಆರಂಭಿಸಿತು. ಅರ್ಜಿದಾರರ ಹಿನ್ನೆಲೆಯನ್ನು ಆ ದೇಶದ ಪೊಲೀಸ್ ಮತ್ತು ಗಡಿ ಕಾವಲು ಇಲಾಖೆ ಪರಿಶೀಲಿಸುತ್ತದೆ. ಒಪ್ಪಿಗೆಯಾದರೆ ಐದು ವರ್ಷಗಳ ಅವಧಿಯ ಡಿಜಿಟಲ್ ಗುರುತಿನ ಕಾರ್ಡು ದೊರೆಯುತ್ತದೆ. ಅದರಿಂದ ಕಂಪನಿ ನೋಂದಾಯಿಸಬಹುದು, ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕಬಹುದು, ತೆರಿಗೆ ವಿವರ ಸಲ್ಲಿಸಬಹುದು. ಆದರೆ ಎಸ್ಟೋನಿಯಾಕ್ಕಾಗಲಿ ಯುರೋಪಿನ ಒಕ್ಕೂಟಕ್ಕಾಗಲಿ ಪ್ರವೇಶಿಸುವ ಹಕ್ಕು ಇದರಿಂದ ಬರುವುದಿಲ್ಲ, ತೆರಿಗೆಯ ದೃಷ್ಟಿಯ ನಿವಾಸಿತ್ವವೂ ಬರುವುದಿಲ್ಲ. ಮೊದಲ ವರ್ಷಗಳಲ್ಲಿ ಇದನ್ನು ಗಡಿಯಿಲ್ಲದ ರಾಷ್ಟ್ರವೆಂಬ ಉತ್ಸಾಹದಿಂದ ಬಣ್ಣಿಸಲಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದ ಮೇಲೆ ಎಸ್ಟೋನಿಯಾ ರಷ್ಯಾ ಮತ್ತು ಬೆಲಾರುಸ್ ದೇಶಗಳ ಪ್ರಜೆಗಳಿಗೆ ಹೊಸದಾಗಿ ಇ-ರೆಸಿಡೆನ್ಸಿ ಕೊಡುವುದನ್ನು ನಿಲ್ಲಿಸಿತು. ಅಂದಿನವರೆಗೆ ಪ್ರತಿ ಅರ್ಜಿಯನ್ನೂ ಅದರದರ ಗುಣದ ಮೇಲೆ ತೂಗುತ್ತಿದ್ದ ವ್ಯವಸ್ಥೆ, ಈ ಎರಡು ದೇಶಗಳವರ ಮಟ್ಟಿಗೆ, ಪಾಸ್‌ಪೋರ್ಟನ್ನು ನೋಡಿ ನಿರ್ಧರಿಸುವ ವ್ಯವಸ್ಥೆಯಾಯಿತು. ಎಸ್ಟೋನಿಯಾದ ನೆರೆಯ ಭಯ ನಿಜವಾದದ್ದು. ಆದರೂ ತನ್ನ ದೇಶದ ಆಡಳಿತವನ್ನು ವಿರೋಧಿಸಿ ಊರು ಬಿಟ್ಟ ಬೆಲಾರುಸಿನ ಪ್ರಜೆಯನ್ನೂ ಆ ಆಡಳಿತದ ಬೆಂಬಲಿಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ನಿಯಮ, ವ್ಯಕ್ತಿಯನ್ನು ಗುರುತಿಸಲೆಂದೇ ಹುಟ್ಟಿದ ಯೋಜನೆಯ ಮೂಲ ಆಶಯಕ್ಕೆ ಹೊಂದುವುದಿಲ್ಲ.

ಉಕ್ರೇನ್ ಇದಕ್ಕೆ ತಿರುಗುಮುರುಗಾದ ದಾರಿ ಹಿಡಿಯಿತು. ಯಾರನ್ನು ಬಿಡಬಾರದು ಎಂದು ಪಟ್ಟಿ ಮಾಡುವ ಬದಲು, ಯಾರನ್ನು ಬಿಡಬಹುದು ಎಂದು ಮೊದಲು ಹೆಸರಿಸಿ, ತನ್ನ ಇ-ನಿವಾಸ ಯೋಜನೆಯನ್ನು ಮೊದಲ ಹಂತದಲ್ಲಿ ಭಾರತ, ಪಾಕಿಸ್ತಾನ, ಥಾಯ್ಲೆಂಡ್ ಮತ್ತು ಸ್ಲೊವೇನಿಯಾ ಪ್ರಜೆಗಳಿಗೆ ತೆರೆಯಿತು. ಸಾಗರದಿಂದ ಹೋಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಭಾರತೀಯ ಪ್ರಜೆಗೆ ಎಸ್ಟೋನಿಯಾದ ಬಾಗಿಲೂ ಉಕ್ರೇನಿನ ಬಾಗಿಲೂ ತೆರೆದಿವೆ. ಅದೇ ಮನೆಯಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ಸಹೋದರಿಗೆ ಉಕ್ರೇನಿನ ಮೊದಲ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಲಿಥುವೇನಿಯಾ ಮತ್ತು ಪೆಸಿಫಿಕ್ ಸಾಗರದ ಪಲಾವು ಕೂಡ ಇಂಥ ಯೋಜನೆಗಳನ್ನು ನಡೆಸಿವೆ.

ಭಾರತ ಹೊರದೇಶದವರಿಗಾಗಿ ಇಂಥ ಯೋಜನೆಯನ್ನು ತಂದಿಲ್ಲವಾದರೂ ಪಾಸ್‌ಪೋರ್ಟ್ ನೋಡಿ ನಿರ್ಧರಿಸುವ ನಿಯಮ ಇಲ್ಲಿಯೂ ಇದೆ. 2020ರ ಏಪ್ರಿಲ್ 17ರ ಪ್ರಕಟಣೆಯಂತೆ ಭಾರತದೊಡನೆ ಭೂಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕು, ಮತ್ತು 2022ರಿಂದ ಆ ದೇಶಗಳ ಪ್ರಜೆಗಳು ಭಾರತದ ಕಂಪನಿಗಳಲ್ಲಿ ನಿರ್ದೇಶಕರಾಗಲು ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಪಡೆಯಬೇಕು.

ಪೌರತ್ವದ ಕಾರ್ಡಿನಿಂದ ನಿವಾಸಿಯ ಸಂಖ್ಯೆಗೆ

ಭಾರತದಲ್ಲಿ ಗುರುತಿನ ಚರ್ಚೆ ಆರಂಭವಾದದ್ದು ಪೌರತ್ವದ ನೆಲೆಯಲ್ಲಿಯೇ. ಕಾರ್ಗಿಲ್ ಯುದ್ಧದ ನಂತರ ಪರಿಶೀಲನಾ ಸಮಿತಿಯು ಗಡಿಪ್ರದೇಶದ ಜನರಿಗೆ ಗುರುತಿನ ಚೀಟಿ ಕೊಡುವ ಸಲಹೆ ನೀಡಿತು. 2003ರಲ್ಲಿ ಪೌರತ್ವ ಕಾಯ್ದೆಗೆ 14ಎ ಸೆಕ್ಷನ್ ಸೇರಿ, ನಾಗರಿಕರೆಲ್ಲರನ್ನೂ ನೋಂದಾಯಿಸಿ ರಾಷ್ಟ್ರೀಯ ಗುರುತಿನ ಚೀಟಿ ಕೊಡುವುದಕ್ಕೆ ಕಾನೂನಿನ ಅವಕಾಶವಾಯಿತು. ಆದರೆ ಜನನ ಪ್ರಮಾಣಪತ್ರವೇ ಇಲ್ಲದ ಕೋಟ್ಯಂತರ ಹಳ್ಳಿಗರ ದೇಶದಲ್ಲಿ ಪೌರತ್ವವನ್ನು ಒಬ್ಬೊಬ್ಬರಾಗಿ ಸಾಬೀತುಪಡಿಸುವುದು ಸುಲಭದ ಕೆಲಸವಲ್ಲ. 2009ರ ಜನವರಿಯಲ್ಲಿ ಸ್ಥಾಪನೆಯಾದ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರ ಈ ತೊಡಕನ್ನು ಬದಿಗಿಟ್ಟು, ಇಲ್ಲಿ ವಾಸಿಸುವವರು ಯಾರು ಎಂಬ ಪ್ರಶ್ನೆಯನ್ನಷ್ಟೇ ಕೈಗೆತ್ತಿಕೊಂಡಿತು. ಅದರ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಪ್ರಾಧಿಕಾರದ ಆಧಾರ್ ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಕಥನದ ಎರಡೂ ತುದಿಗಳಲ್ಲಿ ಕರ್ನಾಟಕದವರಿದ್ದರೆಂಬುದು ನೆನಪಿಡತಕ್ಕ ಸಂಗತಿ. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ನೀಡಲಾಯಿತು.

2016ರ ಆಧಾರ್ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ ಪ್ರತಿಯೊಬ್ಬ ನಿವಾಸಿಗೂ ಈ ಸಂಖ್ಯೆ ಪಡೆಯುವ ಹಕ್ಕಿದೆ; ಅರ್ಜಿಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ಅಥವಾ ಅದಕ್ಕಿಂತ ಹೆಚ್ಚು ದಿನ ಭಾರತದಲ್ಲಿ ವಾಸಿಸಿದವರು ನಿವಾಸಿಗಳು. 9ನೆಯ ಸೆಕ್ಷನ್ ಈ ಸಂಖ್ಯೆ ಪೌರತ್ವಕ್ಕಾಗಲಿ ಕಾಯಂ ವಾಸಕ್ಕಾಗಲಿ ಪುರಾವೆಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಇದರ ಪರಿಣಾಮವಾಗಿ ತೀರ್ಥಹಳ್ಳಿಯ ಹೋಟೆಲೊಂದರಲ್ಲಿ ವರ್ಷವಿಡೀ ದುಡಿದ ನೇಪಾಳದ ಪ್ರಜೆ ಆಧಾರ್‌ಗೆ ಅರ್ಹನಾಗುತ್ತಾನೆ, ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದು ಹೊರದೇಶದ ಪೌರತ್ವ ಪಡೆದು ರಜೆಯಲ್ಲಿ ಮೂರು ವಾರ ಬಂದುಹೋಗುವವರು ಅರ್ಹರಾಗುವುದಿಲ್ಲ. ಭಾವನೆಗೆ ಇದು ಕಸಿವಿಸಿ ತರಬಹುದು. ಆದರೆ ನಿವಾಸವನ್ನೇ ಅಳತೆಗೋಲಾಗಿ ಒಪ್ಪಿದ ಮೇಲೆ ಇದು ನ್ಯಾಯವಾದ ಫಲಿತಾಂಶವೇ, ಏಕೆಂದರೆ ಪಡಿತರ, ಆಸ್ಪತ್ರೆ, ಸಿಮ್ ಕಾರ್ಡು ಬೇಕಾಗುವುದು ಇಲ್ಲಿ ದಿನ ಕಳೆಯುವವರಿಗೆ.

ನಿವಾಸದ ಈ ಶುದ್ಧ ಅಳತೆ ಹೆಚ್ಚು ಕಾಲ ಉಳಿಯಲಿಲ್ಲ. 2019ರ ಜುಲೈ ತಿಂಗಳ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಭಾರತೀಯ ಪಾಸ್‌ಪೋರ್ಟ್ ಹೊಂದಿದ ಅನಿವಾಸಿ ಭಾರತೀಯರಿಗೆ 182 ದಿನಗಳ ಕಾಯುವಿಕೆಯಿಲ್ಲದೆ ಆಧಾರ್ ಕೊಡುವ ಪ್ರಸ್ತಾಪ ಮಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ಅನಿವಾಸಿ ಭಾರತೀಯರೆಂದರೆ ಪೌರತ್ವ ಉಳಿಸಿಕೊಂಡು ಹೊರದೇಶದಲ್ಲಿ ನೆಲೆಸಿದವರು. ಪೌರತ್ವ ಬಿಟ್ಟು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು, ಅಂದರೆ ಎಲ್ಲರ ಬಾಯಲ್ಲಿ ಒಸಿಐ ಎನಿಸಿಕೊಂಡದ್ದನ್ನು, ಪಡೆದವರಿಗೆ ಈ ವಿನಾಯಿತಿ ಇಲ್ಲ. ಅವರು 182 ದಿನ ಇಲ್ಲಿ ಇರಲೇಬೇಕು. ಅವರ ಆಧಾರ್‌ಗೂ ನೇಪಾಳ ಮತ್ತು ಭೂತಾನದ ಪ್ರಜೆಗಳ ಆಧಾರ್‌ಗೂ ಹತ್ತು ವರ್ಷಗಳ ಅವಧಿಯ ಮಿತಿ, ಇತರ ವಿದೇಶೀಯರ ಆಧಾರ್‌ಗೆ ವೀಸಾ ಇರುವಷ್ಟೇ ಆಯುಷ್ಯ. ನಿವಾಸಿಗೆಂದು ಹುಟ್ಟಿದ ಸಂಖ್ಯೆ ಹೀಗೆ ನಿವಾಸಿಯಲ್ಲದ ಪ್ರಜೆಗೆ ಮೊದಲು, ಪ್ರಜೆಯಲ್ಲದ ನಿವಾಸಿಗೆ ಅವಧಿಯ ಮಿತಿಯೊಡನೆ ಎಂಬ ಹೊಸ ಕ್ರಮಕ್ಕೆ ಒಳಪಟ್ಟಿತು.

182 ದಿನಗಳೆಂಬ ಒಂದೇ ಅಳತೆಯನ್ನು ಮೂರು ಕಾನೂನುಗಳು ಮೂರು ರೀತಿ ಎಣಿಸುವುದು ಗೊಂದಲವನ್ನು ಹೆಚ್ಚಿಸಿದೆ. ಆಧಾರ್‌ಗೆ ಅರ್ಜಿಯ ಹಿಂದಿನ ಹನ್ನೆರಡು ತಿಂಗಳ 182 ದಿನ. ಆದಾಯ ತೆರಿಗೆಗೆ ಆಯಾ ತೆರಿಗೆ ವರ್ಷದೊಳಗಿನ 182 ದಿನ ಮುಖ್ಯ ಅಳತೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ ಹಿಂದಿನ ಹಣಕಾಸು ವರ್ಷದ 182ಕ್ಕಿಂತ ಹೆಚ್ಚು ದಿನ, ಅದರ ಜೊತೆಗೆ ಬಂದ ಅಥವಾ ಹೋದ ಉದ್ದೇಶದ ಪರಿಶೀಲನೆ. ಕೊರೋನಾ ಕಾಲದಲ್ಲಿ ಊರಿಗೆ ಬಂದು ತಿಂಗಳುಗಟ್ಟಲೆ ತೋಟದ ಮನೆಯಿಂದಲೇ ಕೆಲಸ ಮಾಡಿದಂಥವರು ಒಂದು ಕಾನೂನಿಗೆ ನಿವಾಸಿಯಾಗಿದ್ದೂ ಇನ್ನೊಂದಕ್ಕೆ ಅನಿವಾಸಿಯಾಗಿರುವುದು ಸಾಧ್ಯವಿತ್ತು.

ಒಂದು ಮನೆ, ನಾಲ್ಕು ಸ್ಥಾನಗಳು

ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದನ್ನು ಊಹಿಸಿಕೊಂಡರೆ ಈ ಕಟ್ಟುಪಾಡುಗಳು ಸ್ಪಷ್ಟವಾಗುತ್ತವೆ. ಊರಿನಲ್ಲೇ ಇರುವ ತಂದೆತಾಯಿ ಪ್ರಜೆಗಳೂ ಹೌದು, ನಿವಾಸಿಗಳೂ ಹೌದು. ಕೆಲಸದ ವೀಸಾದ ಮೇಲೆ ಹೊರಗಿರುವ ಮಗ ಪ್ರಜೆ, ಆದರೆ ಅನಿವಾಸಿ. ಅಲ್ಲಿನ ಪೌರತ್ವ ಪಡೆದ ಮಗಳು, ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಇಬ್ಬಗೆಯ ಪೌರತ್ವವನ್ನು ಒಪ್ಪದ ಕಾರಣ, ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಅವಳ ಕೈಯಲ್ಲಿರುವುದು ಒಸಿಐ ಕಾರ್ಡು. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಮಗನ ಮಗು, ತಂದೆ ಭಾರತೀಯನಾಗಿದ್ದರೂ, ವಿದೇಶಿ. ಒಸಿಐ ಎಂಬ ಹೆಸರಿನೊಳಗೆ ನಾಗರಿಕ ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಮತದಾನ, ಸಾಂವಿಧಾನಿಕ ಹುದ್ದೆ, ಸರ್ಕಾರಿ ಉದ್ಯೋಗದಲ್ಲಿ ಸಮಾನಾವಕಾಶದ ಹಕ್ಕು ಅದರೊಡನೆ ಬರುವುದಿಲ್ಲ. ಅದನ್ನು ಪಡೆಯುವುದಕ್ಕೂ ಪೌರತ್ವದ ಷರತ್ತಿದೆ: ಅರ್ಜಿದಾರರಾಗಲಿ, ಅವರ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಾಗಲಿ ಎಂದಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಅರ್ಹತೆ ಇಲ್ಲ. ಮಗನಾದರೋ 2010ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ಸೇರಿದ 20ಎ ಸೆಕ್ಷನ್‌ನಂತೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು.

ಮಲೆನಾಡಿನ ಮನೆಗಳಲ್ಲಿ ಈ ಭೇದಗಳು ನಿಜವಾಗಿ ತಟ್ಟುವುದು ತೋಟದ ವಿಷಯದಲ್ಲಿ. ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿ ಭಾರತೀಯರೂ ಒಸಿಐ ಕಾರ್ಡುದಾರರೂ ಭಾರತದಲ್ಲಿ ಮನೆ, ನಿವೇಶನ ಕೊಳ್ಳಬಹುದು, ಆದರೆ ಕೃಷಿಭೂಮಿ, ತೋಟದ ಎಸ್ಟೇಟು, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ದಾನಪತ್ರದ ಮೂಲಕ ಪಡೆಯುವುದಕ್ಕೂ ಕೃಷಿಭೂಮಿ ಹೊರತು. ತೆರೆದಿರುವ ದಾರಿ ಉತ್ತರಾಧಿಕಾರ ಒಂದೇ. ತಂದೆ ಬದುಕಿರುವಾಗ ಪ್ರೀತಿಯಿಂದ ಮಗಳಿಗೆ ಒಂದು ಎಕರೆ ಬಾಗಾಯ್ತನ್ನು ದಾನ ಮಾಡಲಾಗದು, ತಂದೆ ತೀರಿಕೊಂಡ ಮೇಲೆ ಅದೇ ಜಮೀನಿನ ಪಾಲು ಅವಳಿಗೆ ಬರುತ್ತದೆ. ಹಾಗೆ ಬಂದ ಕೃಷಿಭೂಮಿಯನ್ನು ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಇಲ್ಲಿ ಗಮನಿಸಬೇಕಾದದ್ದು, ಪ್ರಜೆಯಾಗಿ ಉಳಿದ ಮಗನನ್ನೂ ಪೌರತ್ವ ಬಿಟ್ಟ ಮಗಳನ್ನೂ ಈ ನಿಯಮ ಒಂದೇ ತಕ್ಕಡಿಯಲ್ಲಿ ಇಡುತ್ತದೆ ಎಂಬುದು. ಆಧಾರ್ ಕೊಡುವಾಗ ಪಾಸ್‌ಪೋರ್ಟಿಗೆ ಬೆಲೆ ಕೊಟ್ಟ ರಾಷ್ಟ್ರವೇ ಜಮೀನಿನ ವಿಷಯದಲ್ಲಿ ನೆಲೆಸಿರುವ ಜಾಗಕ್ಕೆ ಬೆಲೆ ಕೊಡುತ್ತದೆ.

ಇದರೊಡನೆ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯನ್ನು ಇಟ್ಟು ನೋಡಬೇಕು. 1961ರ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು ಕೃಷಿಕರಲ್ಲದವರೂ ಕೃಷಿಯೇತರ ಆದಾಯ ನಿಗದಿತ ಮಿತಿ ಮೀರಿದವರೂ ಕೃಷಿಭೂಮಿ ಕೊಳ್ಳದಂತೆ ತಡೆದಿದ್ದವು. ಆ ತಿದ್ದುಪಡಿ ಅವುಗಳನ್ನು ತೆಗೆದುಹಾಕಿತು. ಹೀಗಾಗಿ ಎಂದೂ ಗುದ್ದಲಿ ಹಿಡಿಯದ, ಮಲೆನಾಡಿನ ಪರಿಚಯವೇ ಇಲ್ಲದ ನಗರದ ಹೂಡಿಕೆದಾರ ಭಾರತದಲ್ಲಿ ನೆಲೆಸಿದ್ದಾನೆಂಬ ಒಂದೇ ಕಾರಣಕ್ಕೆ ತೀರ್ಥಹಳ್ಳಿಯ ತೋಟ ಕೊಳ್ಳಬಲ್ಲ, ಅದೇ ತೋಟದ ಬಸಿಗಾಲುವೆಗಳಲ್ಲಿ ಆಡಿ ಬೆಳೆದು ಹೊರದೇಶದಲ್ಲಿ ನೆಲೆಸಿದವರು ಪಕ್ಕದ ತುಂಡನ್ನು ಕೊಳ್ಳಲಾರರು. ಕೃಷಿಭೂಮಿ ಊರಿನಲ್ಲಿ ದುಡಿಯುವವರ ಕೈಯಲ್ಲಿ ಉಳಿಯಬೇಕೆಂಬುದು ವಿದೇಶಿ ವಿನಿಮಯ ನಿಯಮದ ಹಿಂದಿನ ಆಶಯವೆಂದು ಹೇಳುವುದಾದರೆ, ರಾಜ್ಯದ ಕಾನೂನು ಆ ಆಶಯವನ್ನು ಈಗ ಬಿಟ್ಟುಕೊಟ್ಟಿದೆ. ಎರಡರಲ್ಲಿ ಒಂದನ್ನು ಮರುಪರಿಶೀಲಿಸದೆ ಈ ವಿಸಂಗತಿ ಹೋಗದು.

ಈ ಎಲ್ಲದರ ನಡುವೆ ಪಹಣಿಗೆ, ಅಂದರೆ ಜಮೀನಿನ ಹಕ್ಕು, ಗೇಣಿ, ಬೆಳೆಗಳ ದಾಖಲೆಗೆ, ಆಧಾರ್ ಜೋಡಿಸುವ ಕೆಲಸ ಬಂತು. ಭೂಮಿ ಯೋಜನೆಯಲ್ಲಿ ಗಣಕೀಕೃತವಾದ ಪಹಣಿಗಳನ್ನು ಮಾಲೀಕರ ಆಧಾರ್‌ನೊಡನೆ ಜೋಡಿಸುವ ಅಭಿಯಾನವನ್ನು ಕಂದಾಯ ಇಲಾಖೆ 2024ರಲ್ಲಿ ರಾಜ್ಯದಾದ್ಯಂತ ನಡೆಸಿತು. ಗ್ರಾಮ ಆಡಳಿತಾಧಿಕಾರಿಗಳು ಮನೆಮನೆಗೆ ಹೋಗಿ ಜೋಡಣೆ ಮಾಡಿದರು. ತೀರಿಕೊಂಡವರ ಹೆಸರಿನಲ್ಲೇ ಉಳಿದ ಖಾತೆಗಳನ್ನು ವಾರಸುದಾರರಿಗೆ ಬದಲಿಸುವ ಪೌತಿ ಖಾತೆಯ ಕೆಲಸಕ್ಕೂ ಇದರಿಂದ ಚುರುಕು ಬಂತು. ಬೇರೆಯವರ ಜಮೀನನ್ನು ಸುಳ್ಳು ಗುರುತಿನಿಂದ ಮಾರುವುದನ್ನು ತಡೆಯುವ ಉದ್ದೇಶ ಒಳ್ಳೆಯದು. ಆದರೆ ಪಾಲು ಬಂದ ಒಸಿಐ ಮಗಳಿಗೆ 182 ದಿನ ಇಲ್ಲಿ ಕಳೆಯದೆ ಆಧಾರ್ ದೊರೆಯದು, ಅವಳ ಒಡೆತನ ಮಾತ್ರ ಕಾನೂನಿನಂತೆ ಪೂರ್ಣ. ಜೋಡಣೆಯಾಗದ ಪಹಣಿಯನ್ನು ಅನುಮಾನದಿಂದ ನೋಡುವ ರೂಢಿ ಬೆಳೆದರೆ ತಪ್ಪಿಲ್ಲದವರಿಗೆ ತೊಂದರೆಯಾಗುತ್ತದೆ. ಆದಾಯ ತೆರಿಗೆಯಲ್ಲಿ ಈ ಎಚ್ಚರ ವಹಿಸಲಾಗಿದೆ: ಪ್ಯಾನ್‌ಗೆ ಆಧಾರ್ ಜೋಡಿಸುವುದನ್ನು ಕಡ್ಡಾಯ ಮಾಡಿದ 2017ರಲ್ಲೇ ಮೇ 11ರ ಅಧಿಸೂಚನೆ ಅನಿವಾಸಿಗಳನ್ನೂ, ಭಾರತದ ಪ್ರಜೆಗಳಲ್ಲದವರನ್ನೂ, 80 ವರ್ಷ ತುಂಬಿದವರನ್ನೂ ಹೊರತುಪಡಿಸಿತು. ಭೂದಾಖಲೆಗೂ ಇಂಥದೇ ಲಿಖಿತ ವಿನಾಯಿತಿ ಬೇಕು.

ಸಹಾಯಧನಗಳಲ್ಲಿ ಗೆರೆ ಇನ್ನೂ ಬಿಗಿ. 2019ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತ ಕುಟುಂಬದ ಖಾತೆಗೆ ಹಾಕುತ್ತದೆ. ಆದಾಯ ತೆರಿಗೆ ಕಾಯ್ದೆಯ ಅರ್ಥದಲ್ಲಿ ಅನಿವಾಸಿಯಾದವರು ಪಹಣಿಯಲ್ಲಿ ಹೆಸರಿದ್ದರೂ ಅನರ್ಹರು. ಇದರಲ್ಲಿ ತಕರಾರಿಗೆ ಆಸ್ಪದವಿಲ್ಲ.

ಅರ್ಹತೆ ಇದ್ದೂ ಸಾಬೀತಾಗದ ಕಡೆ

ಕಾಗದದ ಮೇಲೆ ಪೂರ್ಣ ಅರ್ಹರಾದವರ ಕಷ್ಟ ಬೇರೆ. ಅಡಿಕೆ ಸುಲಿಯುವ ಹೆಂಗಸರ ಬೆರಳುಗಳಿಗೆ ಚೊಗರು ಹತ್ತಿ ಕಪ್ಪಾಗುತ್ತದೆ, ವರ್ಷಗಟ್ಟಲೆ ಕೈಕೆಲಸ ಮಾಡಿದವರ ಬೆರಳ ಗೆರೆಗಳು ಸವೆಯುತ್ತವೆ, ನ್ಯಾಯಬೆಲೆ ಅಂಗಡಿಯ ಯಂತ್ರ ಅಂಥ ಬೆರಳನ್ನು ಸುಲಭವಾಗಿ ಗುರುತಿಸದು. ಕಣ್ಣಿನ ಪಾಪೆ, ಮುಖ, ಒಟಿಪಿ ಇವು ಪರ್ಯಾಯಗಳು. ಒಟಿಪಿಗೆ ಮೊಬೈಲ್ ಸಂಕೇತ ಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಜನ 2021ರಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂಬ ಅಭಿಯಾನ ನಡೆಸಿದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಡಿಜಿಟಲ್ ಗುರುತು ಅವರಿಗಿತ್ತು, ಅದನ್ನು ಬಳಸುವ ದಾರಿ ಇರಲಿಲ್ಲ.

ಆಧಾರ್ ಯಾರಿಗೆ, ಎಲ್ಲಿ ಕಡ್ಡಾಯ ಎಂಬ ತೊಡಕನ್ನು ನ್ಯಾಯಾಲಯಗಳು ಹಂತಹಂತವಾಗಿ ಬಿಡಿಸಿವೆ. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2013ರ ಸೆಪ್ಟೆಂಬರ್ 23ರಂದು ನೀಡಿದ ಮಧ್ಯಂತರ ಆದೇಶ, ಆಧಾರ್ ಇಲ್ಲವೆಂದು ಯಾರೂ ತೊಂದರೆಗೊಳಗಾಗಬಾರದು ಎಂದಿತು, ಅಕ್ರಮ ವಲಸಿಗರಿಗೆ ಅದನ್ನು ಕೊಡಬಾರದೆಂದೂ ಹೇಳಿತು. ಪೌರತ್ವದ ಪ್ರಶ್ನೆ ನಿವಾಸದ ಯೋಜನೆಯೊಳಗೆ ಆಗಲೇ ಕಾಲಿಟ್ಟಿತ್ತು. 2017ರ ಆಗಸ್ಟ್ 24ರ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕು–ಒಂದರ ಬಹುಮತದಲ್ಲಿ ಆಧಾರ್ ಕಾಯ್ದೆಯ ಮುಖ್ಯ ಭಾಗವನ್ನು ಎತ್ತಿಹಿಡಿದು, ಖಾಸಗಿ ಸಂಸ್ಥೆಗಳ ಬಳಕೆಗೆ ಕಡಿವಾಣ ಹಾಕಿತು, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಭಿನ್ನಮತ ಬರೆದರು. ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ವಿವಾದದಲ್ಲಿ 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಆಧಾರ್ ಅನ್ನು ಗುರುತಿನ ಹನ್ನೆರಡನೆಯ ದಾಖಲೆಯಾಗಿ ಒಪ್ಪಬೇಕೆಂದಿತು, ಪೌರತ್ವದ ಪುರಾವೆಯಾಗಿ ಅಲ್ಲವೆಂದೂ ಸೇರಿಸಿತು.

ಈ ತಾಲ್ಲೂಕುಗಳಲ್ಲಿ ನಿವಾಸದ ಅತ್ಯಂತ ಕಠಿಣ ಪರೀಕ್ಷೆ ನಡೆಯುವುದು ಆಧಾರ್ ಕೇಂದ್ರದಲ್ಲಿ ಅಲ್ಲ, ಅರಣ್ಯ ಹಕ್ಕು ಸಮಿತಿಯ ಮುಂದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಲವು ಊರುಗಳು ಹಿನ್ನೀರಿನಲ್ಲಿ ಮುಳುಗಿದವು, ಎದ್ದುಹೋದ ಕುಟುಂಬಗಳಲ್ಲಿ ಅನೇಕವು ಕಾಡಂಚಿನ ಜಮೀನಿನಲ್ಲಿ ನೆಲೆಯೂರಿದವು, ಅರಣ್ಯದ ದಾಖಲೆಯಲ್ಲಿ ಉಳಿದ ಆ ಜಮೀನಿನ ಪಹಣಿ ಅವರ ಹೆಸರಿಗೆ ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಸರ್ಕಾರವೇ 1960ರ ದಶಕದಲ್ಲಿ ಎಬ್ಬಿಸಿದ ಕುಟುಂಬ ಹೊಸ ಜಾಗದಲ್ಲಿ 75 ವರ್ಷಗಳ ವಾಸವನ್ನು ತೋರಿಸುವುದು ಅಸಾಧ್ಯ. ಅವರೆಲ್ಲ ಭಾರತದ ಪ್ರಜೆಗಳು, ಅವರ ಕೈಯಲ್ಲಿ ಆಧಾರ್ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ವಿದೇಶಿ ಪ್ರಜೆಗೆ 182 ದಿನ ಸಾಕೆನ್ನುವ ರಾಷ್ಟ್ರ ತನ್ನದೇ ಯೋಜನೆಗೆ ನೆಲ ಬಿಟ್ಟುಕೊಟ್ಟವರಿಂದ ಮುಕ್ಕಾಲು ಶತಮಾನ ಕೇಳುವುದು ಅನ್ಯಾಯ. ಈ ಕಾಯ್ದೆಯ ನಿಯಮಗಳು ಪುರಾವೆಗಳ ಪಟ್ಟಿಯಲ್ಲಿ ಗೆಜೆಟಿಯರು, ಜನಗಣತಿ, ಪಡಿತರ ಚೀಟಿ, ಮನೆ ಕಂದಾಯದ ರಸೀದಿಗಳ ಜೊತೆಗೆ ಅರ್ಜಿದಾರರಲ್ಲದ ಹಿರಿಯರ ಬರೆದಿಟ್ಟ ಹೇಳಿಕೆಯನ್ನೂ ಸೇರಿಸಿವೆ. ಮುಳುಗಿದ ಊರುಗಳನ್ನು ಕಂಡ ಹಿರಿಯರು ಕಡಿಮೆಯಾಗುತ್ತಿರುವುದರಿಂದ ಗ್ರಾಮಸಭೆಗಳು ಆ ಹೇಳಿಕೆಗಳನ್ನು ತಡಮಾಡದೆ ಬರೆಸಿಕೊಳ್ಳಬೇಕಾಗಿದೆ.